ರಸ್ತೆ ಪರೀಕ್ಷೆಗೆ ಅಭ್ಯಾಸ



18 ವರ್ಷ ತುಂಬಿದ ಕೂಡಲೇ ವಾಹನ ಓಡಿಸುವ ಆಸೆ ಸಹಜ. ಆದರೆ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೊದಲು ಕಲಿಕಾ ಪರವಾನಗಿ ಪಡೆಯಬೇಕು. ಅದರ ಅವಧಿ 6 ತಿಂಗಳು. ಪಡೆದು ಕನಿಷ್ಠ 30 ದಿನ ಕಳೆದ ಮೇಲೆಯೇ ಚಾಲನಾ ಪರೀಕ್ಷೆ. ಈ 30 ದಿನಗಳು ಸುಮ್ಮನೆ ಕಾಯುವುದಕ್ಕಲ್ಲ, ಅಭ್ಯಾಸಕ್ಕೆ.

ಅಭ್ಯಾಸಕ್ಕೂ ನಿಯಮಗಳಿವೆ. ವಾಹನದ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರವಿರಬೇಕು. ಕಾರು ಕಲಿಯುವಾಗ ಪರವಾನಗಿ ಇರುವ ಅಣ್ಣನೋ ಕಾಕಾನೋ ಪಕ್ಕದಲ್ಲಿದ್ದು, ಬೇಕೆಂದಾಗ ವಾಹನ ನಿಲ್ಲಿಸುವಂತಿರಬೇಕು. ಬೈಕಿನ ಹಿಂದೆ ಗೆಳೆಯನನ್ನು ಕೂಡಿಸಿಕೊಳ್ಳುವಂತಿಲ್ಲ.

ಚಿಂಚೋಳಿ ತಾಲ್ಲೂಕಿನ ಐನಾಪುರದಂಥ ಊರಿನಲ್ಲಿ ಮೊದಲ ಪಾಠ ಖಾಲಿ ಮೈದಾನದಲ್ಲಾಗಲಿ. ಕ್ಲಚ್, ಗೇರ್, ಬ್ರೇಕ್ ಅಲ್ಲಿ ಕೈಗೆ, ಕಾಲಿಗೆ ಹಿಡಿಯುತ್ತವೆ. ಆದರೆ ಎದುರಿನವರನ್ನು ಗಮನಿಸುವುದನ್ನು ಕಲಿಸುವುದು ರಸ್ತೆಯೇ. ಸೇಡಂ ಕಡೆ ಸಿಮೆಂಟ್ ಲಾರಿಗಳ ಓಡಾಟ. ತೊಗರಿ ರಾಶಿಯ ಕಾಲದಲ್ಲಿ ಹೊರೆ ಹೊತ್ತ ಬಂಡಿಗಳು ಸಾಗುತ್ತವೆ. ಬಂಡಿಗೆ ಹಿಂದಿನ ದೀಪವಿಲ್ಲ, ಕನ್ನಡಿಯೂ ಇಲ್ಲ. ನೀವು ಬರುವುದು ಅದನ್ನು ಹೊಡೆಯುವವರಿಗೆ ಕಾಣದು. ನೋಡಬೇಕಾದವರು ನೀವೇ.

ಒಂದು ಲೆಕ್ಕ ಮಾಡಿ. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಎದುರಿಗೆ ಕುರಿ ಬಂದದ್ದನ್ನು ಕಂಡು ಬ್ರೇಕ್ ಒತ್ತಲು ನಿಮಗೆ ಒಂದು ಸೆಕೆಂಡ್ ಬೇಕಾದರೆ, ಅಷ್ಟರಲ್ಲಿ ವಾಹನ 11 ಮೀಟರ್ ಮುಂದೆ ಹೋಗಿರುತ್ತದೆ. ವೇಗ ಇಮ್ಮಡಿಯಾದರೆ ಈ ದೂರವೂ ಇಮ್ಮಡಿ. ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರ ಸುಮಾರು ನಾಲ್ಕು ಪಟ್ಟು.

ಪರೀಕ್ಷೆಯಲ್ಲಿ ನೋಡುವುದೂ ಇದನ್ನೇ. ಹೊರಡುವ ಮೊದಲು ಕನ್ನಡಿ ಸರಿಪಡಿಸಿಕೊಂಡಿರಾ? ತಿರುಗುವ ಮುನ್ನ ಸೂಚನೆ ಕೊಟ್ಟಿರಾ? ಹಿಂದಿನಿಂದ ಬಂದವರಿಗೆ ದಾರಿ ಬಿಟ್ಟಿರಾ? ಏರಿನಲ್ಲಿ ಜರ್ಕ್ ಇಲ್ಲದೆ ಹೊರಟಿರಾ? ಹಿಮ್ಮುಖವಾಗಿ ಓಡಿಸಬಲ್ಲಿರಾ? ಅವಸರದಲ್ಲಿಯೂ ಹತೋಟಿ ತಪ್ಪದೆ ನಿಲ್ಲಿಸಬಲ್ಲಿರಾ? ದಿನಕ್ಕೊಂದರಂತೆ ಇವನ್ನು ಅಭ್ಯಾಸ ಮಾಡಿ. ಪ್ರತಿ ಸಲ ಕನ್ನಡಿ, ಸೂಚನೆ, ಆಮೇಲೆ ತಿರುವು ಎಂಬ ಕ್ರಮ ತಪ್ಪದಿರಲಿ. ಮೊದಲು ಬೆಳಗಿನ ಹೊತ್ತು, ಕೈ ಪಳಗಿದ ಮೇಲೆ ಸಂತೆಯ ದಿನ ಓಡಿಸಿ ನೋಡಿ.

ಒಮ್ಮೆ ನಪಾಸಾದರೆ ನಾಚಿಕೆಪಡಬೇಕಿಲ್ಲ. 7 ದಿನಗಳ ನಂತರ ಮತ್ತೆ ಪರೀಕ್ಷೆಗೆ ಕೂಡಬಹುದು. ರಸ್ತೆಯಲ್ಲಿ ಆದ ತಪ್ಪಿಗೆ ಮಾತ್ರ ಅಂಥ ಎರಡನೆಯ ಅವಕಾಶ ಸಿಗದೇ ಹೋಗಬಹುದು. ಆದ್ದರಿಂದ ಚೆನ್ನಾಗಿ ಕಲಿತ ಮೇಲೆಯೇ ಪರೀಕ್ಷೆಗೆ ಹೋಗಿ.