ಎಡ ಹೆಗಲಿಗೆ ಬಂದೂಕು



ನಿಮ್ಮ ಮನೆಯಲ್ಲಿ ಎಡಗೈ ಮುಂದಾಗಿರುವ ಮಗು ಇದೆಯೇ? ಇದ್ದರೆ ಆಶ್ಚರ್ಯವಿಲ್ಲ. ಹತ್ತು ಜನರಲ್ಲಿ ಸುಮಾರು ಒಬ್ಬರು ಹಾಗೆಯೇ ಹುಟ್ಟುತ್ತಾರೆ. ಪ್ರಸಾದಕ್ಕೆ ಎಡಗೈ ಚಾಚಿದರೆ ಅಜ್ಜಿ ಗದರುತ್ತಾಳೆ. ಅಂಗಡಿಯಲ್ಲಿ ಎಡಗೈಯಿಂದ ದುಡ್ಡು ಕೊಟ್ಟರೆ ಅಂಗಡಿಯವರು ಮುಖ ಗಂಟಿಕ್ಕುತ್ತಾರೆ. ನಾವು 'ಎಡಚ' ಎನ್ನುತ್ತೇವೆ, ನಮ್ಮ ತಮಿಳು ನೆರೆಯವರು 'ಪೀಚಾಂಕೈ' ಎನ್ನುತ್ತಾರೆ. ಕೊಡುವುದು ಕೊಳ್ಳುವುದರಲ್ಲಿ ಆ ರೂಢಿ ಇದ್ದರೆ ಇರಲಿ. ಆದರೆ ಅದೇ ಮಗು ಬೆಳೆದು, ಕಾರಿಮಂಗಲದಿಂದ ಎನ್.ಸಿ.ಸಿ. ಶಿಬಿರಕ್ಕೋ, ಪೊಲೀಸ್ ತರಬೇತಿಗೋ, ಸೇನೆಗೋ ಹೋಗಿ ಬಂದೂಕು ಹಿಡಿಯುವ ದಿನ ಬಂದಾಗ, ಈ ಎಡ-ಬಲದ ಮಾತು ಬೇರೆಯೇ ಆಗುತ್ತದೆ. ಅಲ್ಲಿ ಮುಜುಗರಪಟ್ಟು ಮುಚ್ಚಿಟ್ಟರೆ ಪಕ್ಕದವರ ಜೀವಕ್ಕೂ ಅಪಾಯ. ಅದು ಹೇಗೆ ಎಂಬುದನ್ನು ನೋಡೋಣ.

ಮೊದಲು ಅರೆ ಸ್ವಯಂಚಾಲಿತ ಬಂದೂಕು ಎಂದರೇನು ಎಂದು ತಿಳಿಯಬೇಕು. ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು ಹಾರುತ್ತದೆ. ಗುಂಡಿನ ಹಿಂದಿನ ಅನಿಲದ ಒತ್ತಡವೇ ಒಳಗಿನ ಬೋಲ್ಟನ್ನು ಹಿಂದಕ್ಕೆ ತಳ್ಳಿ, ಖಾಲಿ ತೋಟೆಯನ್ನು ಹೊರಗೆ ಎಸೆದು, ಮುಂದಿನ ತೋಟೆಯನ್ನು ತುಂಬಿಕೊಳ್ಳುತ್ತದೆ. ಇನ್ನೊಂದು ಗುಂಡಿಗೆ ಟ್ರಿಗರನ್ನು ಬಿಟ್ಟು ಮತ್ತೆ ಎಳೆಯಬೇಕು. 1960ರ ದಶಕದಿಂದ ಇಶಾಪುರ ಕಾರ್ಖಾನೆಯಲ್ಲಿ ತಯಾರಾದ 7.62 ಮಿ.ಮೀ. ಎಸ್.ಎಲ್.ಆರ್. ಈ ಜಾತಿಯದು. 1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮ ಸೈನಿಕರ ಕೈಯಲ್ಲಿದ್ದ 5.56 ಮಿ.ಮೀ. ಇನ್ಸಾಸ್ ಕೂಡ ಒಂದೊಂದೇ ಗುಂಡಾಗಿ ಹೊಡೆಯುತ್ತದೆ. ಇಂಥ ಬಂದೂಕುಗಳು ಊರಿನಲ್ಲಿ ಯಾರ ಕೈಗೂ ಸುಲಭವಾಗಿ ಸಿಗುವಂಥವಲ್ಲ. 1959ರ ಆಯುಧ ಕಾಯಿದೆ ಅವನ್ನು ಬಿಗಿಯಾಗಿ ಕಟ್ಟಿಹಾಕಿದೆ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಉಸ್ತಾದರ ಕಣ್ಣೆದುರು, ಫೈರಿಂಗ್ ರೇಂಜಿನಲ್ಲಿ ಮಾಡುವ ಅಭ್ಯಾಸದ ಮಾತು.

ಈಗ ಎಡಗೈಯವರ ತೊಂದರೆಗೆ ಬರೋಣ. ಬಲಗೈಯವರು ಬಂದೂಕಿನ ಹಿಡಿಯನ್ನು ಬಲ ಹೆಗಲಿಗೆ ಒತ್ತಿ, ಬಲ ಕೆನ್ನೆಯನ್ನು ಅದರ ಎಡ ಮಗ್ಗುಲಿಗೆ ಇಡುತ್ತಾರೆ. ಖಾಲಿ ತೋಟೆ ಬಲಕ್ಕೆ, ಮುಖದಿಂದ ದೂರ ಹಾರುತ್ತದೆ. ಎಡಗೈಯವರ ಮುಖವಾದರೋ ಬಂದೂಕಿನ ಬಲ ಮಗ್ಗುಲಿನಲ್ಲಿ, ಅಂದರೆ ತೋಟೆ ಹಾರುವ ಕಡೆಯಲ್ಲೇ ಇರುತ್ತದೆ. ಆಗ ಸ್ವಲ್ಪ ಹೊಗೆ ಕಣ್ಣಿನ ಹತ್ತಿರ ಬರುತ್ತದೆ. ತೋಟೆ ಬಲ ತೋಳಿಗೆ ತಗಲಬಹುದು, ಕೆಲವೊಮ್ಮೆ ತೋಳಿನೊಳಗೋ ಕಾಲರಿನೊಳಗೋ ಬೀಳಬಹುದು. ಆಗತಾನೆ ಹೊರಬಂದ ಹಿತ್ತಾಳೆ ತೋಟೆ ಚರ್ಮ ಸುಡುವಷ್ಟು ಬಿಸಿ.

ನಿಜವಾದ ಅಪಾಯ ಇಲ್ಲಿದೆ. ಕುತ್ತಿಗೆಯಲ್ಲಿ ಸುಟ್ಟ ಕೂಡಲೇ ಮನುಷ್ಯ ಬೆಚ್ಚಿ ತಿರುಗುತ್ತಾನೆ. ಕೈಯಲ್ಲಿರುವ ಬಂದೂಕು ತಾನೇ ಮುಂದಿನ ಗುಂಡು ತುಂಬಿಕೊಂಡು ಸಿದ್ಧವಾಗಿದೆ. ನಳಿಗೆಯ ಬಾಯಿ ಪಕ್ಕದಲ್ಲಿ ಮಲಗಿರುವ ಗೆಳೆಯನ ಕಡೆ ತಿರುಗಿ, ಬೆರಳು ಟ್ರಿಗರಿನ ಮೇಲೆ ಇದ್ದರೆ ಏನಾದೀತು ಎಂಬುದನ್ನು ನೀವೇ ಊಹಿಸಿ. ಆದ್ದರಿಂದ ಎಡಗೈಯವರು ಕಲಿಯಬೇಕಾದ ಮೊದಲ ಪಾಠ ಇದು: ಸುಟ್ಟರೂ ಸಹಿಸಿ. ಬೆರಳನ್ನು ಟ್ರಿಗರಿನಿಂದ ತೆಗೆಯಿರಿ, ಬಾಯಿ ಗುರಿಯ ಕಡೆಗೇ ಇರಲಿ, ಸೇಫ್ಟಿ ಹಾಕಿ, ಬಂದೂಕನ್ನು ಕೆಳಗಿಟ್ಟು, ಆಮೇಲೆ ತೋಟೆ ತೆಗೆಯಿರಿ. ಇದನ್ನು ಖಾಲಿ ಬಂದೂಕಿನಲ್ಲಿ ಹಲವು ಸಲ ಅಭ್ಯಾಸ ಮಾಡಿ. ಕಾಲರ್ ಗುಂಡಿ ಹಾಕಿ, ತುಂಬುತೋಳಿನ ಅಂಗಿ ತೊಟ್ಟು, ಕಣ್ಣಿಗೆ ಕನ್ನಡಕ ಹಾಕಿ ಹೋದರೆ ಅರ್ಧ ತೊಂದರೆ ಬರುವುದೇ ಇಲ್ಲ.

ಮಲಗಿ ಹೊಡೆಯುವ ಸಾಲಿನಲ್ಲಿ ಎಡಗೈಯವರಿಗೆ ಬಲತುದಿಯ ಜಾಗ ಒಳ್ಳೆಯದು. ಬಲಗೈಯವರ ಕಾಲುಗಳು ಎಡಕ್ಕೆ ಓರೆಯಾಗುತ್ತವೆ, ಎಡಗೈಯವರ ಕಾಲುಗಳು ಬಲಕ್ಕೆ. ಬಲತುದಿಯಲ್ಲಿದ್ದರೆ ಯಾರ ಕಾಲೂ ಯಾರಿಗೂ ಅಡ್ಡಬಾರದು, ನೀವು ಎಸೆಯುವ ತೋಟೆಯೂ ಬೇರೆಯವರ ಮೇಲೆ ಬೀಳದು.

ಎರಡನೆಯದು ಬಂದೂಕಿನ ಕೀಲುಗಳು. ಎಸ್.ಎಲ್.ಆರ್., ಇನ್ಸಾಸ್ ಎರಡರಲ್ಲೂ ಕಾಕಿಂಗ್ ಹ್ಯಾಂಡಲ್ ಎಡ ಮಗ್ಗುಲಿನಲ್ಲಿದೆ. ಬಲಗೈಯವರು ಟ್ರಿಗರಿನ ಕೈ ಕದಲಿಸದೆ ಎಡಗೈಯಿಂದ ಅದನ್ನು ಎಳೆಯುತ್ತಾರೆ. ಎಡಗೈಯವರು ಬಲಗೈಯಲ್ಲಿ ಮುಂಭಾಗ ಹಿಡಿದು, ಎಡಗೈಯನ್ನು ಟ್ರಿಗರಿನಿಂದ ತೆಗೆದು ಎಳೆಯಬೇಕು. ಸ್ವಲ್ಪ ನಿಧಾನವಾದರೂ, ಎಳೆಯುವಾಗ ಬೆರಳು ಟ್ರಿಗರಿನ ಹತ್ತಿರ ಇರುವುದಿಲ್ಲ ಎಂಬುದೊಂದು ಲಾಭ. ಸೇಫ್ಟಿಯೂ ಎಡಕ್ಕೇ ಇದೆ, ಬಲಗೈಯವರ ಹೆಬ್ಬೆರಳಿಗೆ ಅನುಕೂಲವಾಗಿ. ಎಡಗೈಯವರು ಅದನ್ನು ತೋರುಬೆರಳಿನಿಂದ ತಿರುಗಿಸಲು ಕಲಿಯಬೇಕು. ಎ.ಕೆ. ಜಾತಿಯ ಬಂದೂಕಿನಲ್ಲಿ ಹ್ಯಾಂಡಲ್ ಬಲಕ್ಕಿರುವುದರಿಂದ ಎಡಗೈಯವರು ಟ್ರಿಗರಿನ ಕೈ ಬಿಡದೆಯೇ ಬಲಗೈಯಿಂದ ಎಳೆಯಬಹುದು. ಆದರೆ ಪ್ರತಿ ಗುಂಡಿಗೂ ಆ ಹ್ಯಾಂಡಲ್ ಹಿಂದೆ ಮುಂದೆ ಓಡುತ್ತದೆ. ಹೊಡೆಯುವಾಗ ಬಲಗೈಯನ್ನು ಅದರ ದಾರಿಯಿಂದ ದೂರ ಇಡಬೇಕು.

ಇಲ್ಲಿ ಒಂದು ಸಮಾಧಾನವೂ ಇದೆ. ಹಳೆಯ .303 ಬಂದೂಕಿನಲ್ಲಿ, ಎನ್.ಸಿ.ಸಿ. ಮಕ್ಕಳು ಕಲಿಯುವ .22ರಲ್ಲಿ, ಪ್ರತಿ ಗುಂಡಿಗೂ ಬಲಗಡೆಯ ಬೋಲ್ಟನ್ನು ಕೈಯಿಂದಲೇ ಎಳೆಯಬೇಕು. ಎಡಗೈಯವರಿಗೆ ಅದೇ ಹೆಚ್ಚು ಕಷ್ಟ. ಅರೆ ಸ್ವಯಂಚಾಲಿತದಲ್ಲಿ ಆ ಕೆಲಸವನ್ನು ಬಂದೂಕೇ ಮಾಡಿಕೊಳ್ಳುತ್ತದೆ.

ಹೊರದೇಶಗಳಲ್ಲೂ ಈ ಯೋಚನೆ ನಡೆದಿದೆ. ಅಮೆರಿಕದವರು 1980ರ ದಶಕದಲ್ಲಿ ತಂದ ಎಂ-16 ಎ-2ರಲ್ಲಿ, ತೋಟೆ ಎಡಗೈಯವರ ಮುಖಕ್ಕೆ ಬಾರದಂತೆ ಪುಟ್ಟದೊಂದು ಉಬ್ಬು ಮಾಡಿದರು. ಆಸ್ಟ್ರಿಯಾದ ಸ್ಟೇಯರ್ ಬಂದೂಕಿನಲ್ಲಿ ಬೋಲ್ಟ್ ಬದಲಿಸಿದರೆ ತೋಟೆ ಎಡಕ್ಕೆ ಹಾರುತ್ತದೆ. ಬ್ರಿಟಿಷರ ಎಲ್-85 ಮಾತ್ರ ಬಲ ಹೆಗಲಿನಿಂದಲೇ ಹೊಡೆಯಬೇಕಾದದ್ದು. ಅಲ್ಲಿ ಎಡಗೈಯವರೂ ಬಲಕ್ಕೆ ಒಗ್ಗಿಕೊಳ್ಳಬೇಕು.

ಹಾಗಾದರೆ ನಮ್ಮ ಮಕ್ಕಳು ಯಾವ ಹೆಗಲು ಆರಿಸಬೇಕು? ಕೈಗಿಂತ ಮೊದಲು ಕಣ್ಣನ್ನು ಕೇಳಿ. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು, ಕಾರಿಮಂಗಲದ ಬೆಟ್ಟದ ಮೇಲಿನ ಗುಡಿಯನ್ನು ಆ ಕಿಂಡಿಯಲ್ಲಿ ಹಿಡಿಯಿರಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ಗುಡಿ ಮಾಯವಾಗುತ್ತದೋ ಅದೇ ನಿಮ್ಮ ಮುಖ್ಯ ಕಣ್ಣು. ಕೈಯೂ ಕಣ್ಣೂ ಎಡವಾದರೆ ಎಡ ಹೆಗಲೇ ಸರಿ. ಕೈ ಎಡ, ಕಣ್ಣು ಬಲವಾದರೆ ಬಲ ಹೆಗಲನ್ನು ಮೊದಲಿನಿಂದಲೇ ಕಲಿತು ನೋಡಬಹುದು. ಅದು ಒಗ್ಗದಿದ್ದರೆ ಎಡ ಹೆಗಲಿಗೇ ಇಟ್ಟು, ಬಲಗಣ್ಣು ಮುಚ್ಚಿ ಗುರಿ ಹಿಡಿಯಬೇಕು. ಯಾವುದೇ ಆಗಲಿ, ಗುಂಡು ಹಾಕುವ ಮೊದಲೇ ಉಸ್ತಾದರ ಜೊತೆ ಕೂತು ನಿರ್ಧರಿಸಬೇಕು.

ತಾಯಂದಿರೇ, ತಂದೆಯರೇ, ಕೊನೆಯ ಮಾತು ನಿಮಗೆ. ಶಿಬಿರಕ್ಕೆ ಹೊರಟ ಮಗನಿಗೋ ಮಗಳಿಗೋ "ಅಲ್ಲಿ ಎಡಗೈ ತೋರಿಸಬೇಡ" ಎಂದು ಹೇಳಿ ಕಳಿಸಬೇಡಿ. "ಉಸ್ತಾದರೇ, ನಾನು ಎಡಗೈಯವನು" ಎಂದು ಮೊದಲ ದಿನವೇ ಹೇಳುವ ಧೈರ್ಯ ಕೊಟ್ಟು ಕಳಿಸಿ. ಆ ಒಂದು ಮಾತಿನಿಂದ ಅವನ ಗುರಿಯೂ ನೆಟ್ಟಗಾಗುತ್ತದೆ, ಪಕ್ಕದವನ ಜೀವವೂ ಉಳಿಯುತ್ತದೆ.