ಎರಡೆಕರೆ ಹತ್ತು ಗುಂಟೆಯ ಗಾಂಧಿ ಜಯಂತಿ

ಫೋಟೊದಲ್ಲಿ 2-10 ಎಂದು ಸ್ಪಷ್ಟವಾಗಿಯೇ ಇತ್ತು. ಎಕ್ಸೆಲ್‌ನ ಚೌಕದೊಳಗೆ ಬಂದು ಕೂತಾಗ ಅದು ಅಕ್ಟೋಬರ್ 2 ಆಗಿತ್ತು. ಗಾಂಧಿ ಜಯಂತಿ!

ಮಂಡ್ಯ ಕಡೆಯ ಒಂದು ಡಿಟಿಪಿ ಅಂಗಡಿ. ಕೆರೆ ಅಚ್ಚುಕಟ್ಟಿನ ರೈತರ ಹಳೆಯ ಮುದ್ರಿತ ಪಟ್ಟಿಯನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ತಂದು, ಚಿತ್ರದಿಂದ ಅಕ್ಷರ ಓದುವ ಸಾಫ್ಟ್‌ವೇರಿನಿಂದ ಟೇಬಲ್ ಮಾಡಿಸುತ್ತಿದ್ದರು. ಸಾಫ್ಟ್ ಕಾಪಿ ಯಾವ ಕಂಪ್ಯೂಟರಿನ ಜತೆ ಗುಜರಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ. ಕೀಬೋರ್ಡಿನ ಮುಂದೆ ಬಿ.ಕಾಂ. ಮುಗಿಸಿದ ಹುಡುಗಿ, ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಿವೃತ್ತ ಗ್ರಾಮ ಲೆಕ್ಕಿಗರು.

“ಅದು ತಾರೀಖಲ್ಲ ಕಣವ್ವ, ಜಮೀನು. ಎರಡೆಕ್ರೆ ಹತ್ಗುಂಟೆ.”

“ನಾನೇನ್ ಮಾಡ್ಲಿ ಸಾರ್, ಅದೇ ಹಂಗ್ ಮಾಡ್ಕತದೆ.”

ಅವಳು ಆ ತಾರೀಖನ್ನು ಸಂಖ್ಯೆಗೆ ತಿರುಗಿಸಿದಳು. 45932 ಬಂತು. 1900ರ ಜನವರಿ 1ನ್ನು ಒಂದು ಎಂದಿಟ್ಟುಕೊಂಡು ದಿನ ಎಣಿಸುವುದು ಎಕ್ಸೆಲ್‌ನ ಪದ್ಧತಿ. 2025ರ ಅಕ್ಟೋಬರ್ 2 ಆ ಲೆಕ್ಕದಲ್ಲಿ 45932ನೇ ದಿನ. ಒಬ್ಬನೇ ರೈತನಿಗೆ ನಲವತ್ತೈದು ಸಾವಿರ ಎಕರೆ! ಲೆಕ್ಕಿಗರು ಕನ್ನಡಕ ತೆಗೆದು ಒರೆಸಿಕೊಂಡರು.

ಇದು ಹಳ್ಳಿಯ ಪಾಡು ಮಾತ್ರವಲ್ಲ. ಮನುಷ್ಯನ ವಂಶವಾಹಿಗಳಲ್ಲಿ ‘ಮಾರ್ಚ್1’, ‘ಸೆಪ್ಟ್1’ ಎಂಬ ಚುಟುಕು ಹೆಸರಿನವು ಇದ್ದವು. ಎಕ್ಸೆಲ್ ಅವನ್ನೂ ತಾರೀಖು ಮಾಡಿ ವಿಜ್ಞಾನಿಗಳ ಟೇಬಲ್‌ಗಳನ್ನು ಕೆಡಿಸುತ್ತಲೇ ಬಂತು. ಕೊನೆಗೆ 2020ರಲ್ಲಿ, ಹೆಸರಿಡುವ ಸಮಿತಿಯೇ ಸೋತು ‘ಮಾರ್ಚ್‌ಎಫ್1’, ‘ಸೆಪ್ಟಿನ್1’ ಎಂದು ಬದಲಿಸಿತು. ವಂಶವಾಹಿಯ ಹೆಸರನ್ನು ಬದಲಾಯಿಸಬಹುದು. ಗುಂಟೆಯನ್ನು?

ಗುಂಟೆಯದು ತನ್ನದೇ ಲೆಕ್ಕ. 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1,089 ಚದರ ಅಡಿ. ಅಂಥ 40 ಸೇರಿದರೆ ಒಂದು ಎಕರೆ; ಒಂದು ಗುಂಟೆಗೆ 16 ಆಣೆ. ಹತ್ತರ ಲೆಕ್ಕದಲ್ಲಿ ನಡೆಯುವ ಎಕ್ಸೆಲ್‌ಗೆ ಇದು ಒಗ್ಗದು. ಡ್ಯಾಷ್ ಬದಲು ಚುಕ್ಕಿ ಇಡೋಣವೆಂದು ಹುಡುಗಿ ಹೊರಟಳು. 2.10 ಎಂದು ಹೊಡೆದರೆ ಯಂತ್ರ ಕೊನೆಯ ಸೊನ್ನೆ ನುಂಗಿ 2.1 ಮಾಡಿತು: ಹತ್ತು ಗುಂಟೆ ಹೋಗಿ ಒಂದು ಗುಂಟೆ ಉಳಿಯಿತು. ಕೂಡುವಾಗಲಂತೂ ಕೇಳಬೇಡಿ. 1-30ಕ್ಕೆ 2-25 ಸೇರಿಸಿದರೆ 4-15 ಆಗಬೇಕು, ಯಂತ್ರ 3.55 ಎಂದಿತು. ಮೂರೆಕರೆ ಐವತ್ತೈದು ಗುಂಟೆ ಎಂಬ ಜಮೀನು ಯಾವ ಪಹಣಿಯಲ್ಲೂ ಇಲ್ಲ. ಕಡೆಗೆ ಎಕರೆಗೊಂದು ಕಾಲಂ, ಗುಂಟೆಗೊಂದು ಕಾಲಂ ಮಾಡಿ, ಗುಂಟೆಯಲ್ಲಿ 39ಕ್ಕಿಂತ ಹೆಚ್ಚು ಬಂದರೆ ಕೆಂಪು ಬಣ್ಣ ತೋರಿಸುವಂತೆ ಅವಳು ಕಟ್ಟಿದಳು. ಕೂಡಲೇ ಪಟ್ಟಿಯ ಅಲ್ಲಲ್ಲಿ ಕೆಂಪು ಹೊಳೆಯಿತು. ಒಂದೆಡೆ ಫೋಟೊ ಓದುವ ಯಂತ್ರ 35ನ್ನು 85 ಎಂದು ಓದಿತ್ತು. ಆ ಬಿ.ಕಾಂ. ತಲೆಗೆ ನನ್ನದೊಂದು ಸಲಾಮು!

ಹೆಸರುಗಳದು ಬೇರೆಯೇ ತಾಪತ್ರಯ. ಚಿತ್ರವೆಂದರೆ ಯಂತ್ರಕ್ಕೆ ಬರೀ ಚುಕ್ಕಿಗಳ ರಾಶಿ. ಎ4 ಹಾಳೆಯನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಚುಕ್ಕಿ. ಮೊದಲು ಅದು ಗೆರೆ ಹುಡುಕಿ ಚೌಕಗಳನ್ನು ಗುರುತಿಸುತ್ತದೆ, ಆಮೇಲೆ ಗೆರೆ ಅಳಿಸಿ ಅಕ್ಷರ ಓದುತ್ತದೆ. ಕನ್ನಡದ ಒತ್ತಕ್ಷರ ಕೆಳಗೆ ಜೋತುಬಿದ್ದು ಗೆರೆಯನ್ನು ಮುಟ್ಟಿರುತ್ತದಲ್ಲ, ಗೆರೆಯ ಜತೆ ಅದೂ ಹೋಗುತ್ತದೆ. ಚಿಕ್ಕಣ್ಣ ‘ಚಿಕಣ’ನಾಗಿದ್ದ, ತಮ್ಮಯ್ಯ ‘ತಮಯ’ನಾಗಿದ್ದ.

ಹುಡುಗಿ ಹೊಸ ಎಐ ಆ್ಯಪಿಗೆ ಅದೇ ಫೋಟೊ ಹಾಕಿದಳು. ಒತ್ತುಗಳೆಲ್ಲ ಚೆನ್ನಾಗಿಯೇ ಬಂದವು. ಆದರೆ ‘ತಮಯ’ನ ಜಾಗದಲ್ಲಿ ಈಗ ತಿಮ್ಮಯ್ಯ! ಲೆಕ್ಕಿಗರು ಹಿಡಿಯದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಪಟ್ಟಿಯಲ್ಲಿ ತಿಮ್ಮಯ್ಯನೂ ಇದ್ದ, ತಮ್ಮಯ್ಯನ ಅಣ್ಣನೇ. ಸರ್ವೆ ನಂಬರು ಒಂದೇ, ಹಿಸ್ಸಾ ಮಾತ್ರ ಬೇರೆ. ನನಗೆ ಹಳೆಯ ಪೆದ್ದು ಯಂತ್ರವೇ ವಾಸಿ ಅನ್ನಿಸಿದ್ದು ಇಲ್ಲೇ. ಅದರ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಜಾಣನ ತಪ್ಪು ಇಸ್ತ್ರಿ ಮಾಡಿಕೊಂಡು ಬರುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಇಂಥದ್ದನ್ನೇ ಜೆರಾಕ್ಸ್ ಕಂಪನಿಯ ಯಂತ್ರಗಳಲ್ಲಿ ಪತ್ತೆಮಾಡಿದ್ದರು. ಮನೆ ನಕ್ಷೆಯೊಂದನ್ನು ಸ್ಕ್ಯಾನ್ ಮಾಡಿದರೆ 21.11 ಚದರ ಮೀಟರಿನ ಕೋಣೆ 14.13 ಆಗಿಬಿಟ್ಟಿತ್ತು. ಫೈಲ್ ಚಿಕ್ಕದು ಮಾಡಲು ಒಂದೇ ಥರ ಕಂಡ ಅಂಕಿಗಳಿಗೆ ಒಂದೇ ಅಚ್ಚು ಬಳಸಿದ್ದರ ಫಲ.

ನಮ್ಮ ‘ಭೂಮಿ’ ಯೋಜನೆಗೆ ಈ ರಗಳೆ ಇರಲಿಲ್ಲ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದು ಚಿತ್ರದಿಂದಲ್ಲ, ಕೈಯಿಂದ. ಅದರ ತಪ್ಪುಗಳ ತಿದ್ದುಪಡಿಗೆ ತಾಲ್ಲೂಕು ಕಚೇರಿಗೆ ಅಲೆದವರು ನಮ್ಮಲ್ಲಿ ಬಹಳ ಮಂದಿ, ವಿವರಿಸುವ ಅಗತ್ಯವಿಲ್ಲ. ಈಗ ‘ಭೂ ಸುರಕ್ಷಾ’ ಹೆಸರಿನಲ್ಲಿ ರೆಕಾರ್ಡ್ ರೂಮುಗಳ ಹಳೆ ಕಡತಗಳು ಸ್ಕ್ಯಾನ್ ಆಗುತ್ತಿವೆ. ಒಳ್ಳೆಯದೇ, ಗೆದ್ದಲಿಗಿಂತ ಮೊದಲು ಕ್ಯಾಮೆರಾ ಮುಟ್ಟಲಿ. ಆದರೆ ಸ್ಕ್ಯಾನ್ ಆದದ್ದೆಲ್ಲ ಡೇಟಾ ಅಲ್ಲ, ಫೋಟೊ ಅಷ್ಟೆ. ಶಾನುಭೋಗರ ಕೈಬರಹವನ್ನು, ಹಿಂದಿನ ಮುಂಬೈ ಕರ್ನಾಟಕದ ಮೋಡಿ ಲಿಪಿಯ ಕಾಗದಗಳನ್ನು ಟೇಬಲ್ ಮಾಡುವ ಕೆಲಸ ಒಂದಲ್ಲ ಒಂದು ದಿನ ಬರುತ್ತದೆ. ಆಗ ಪ್ರತಿ ಸಾಲಿನ ಪಕ್ಕದಲ್ಲೇ ಅದರ ಮೂಲ ಚಿತ್ರದ ತುಣುಕೂ ಇರಬೇಕೆಂದು ಟೆಂಡರಿನಲ್ಲಿ ಒಂದು ಷರತ್ತು ಬರೆದರೆ ಸಾಕು. ಖರ್ಚು ತುಸು ಹೆಚ್ಚಾಗುತ್ತದೆ, ಆಗಲಿ.