ನೆಲನೆಲ್ಲಿಯ ಪ್ರಬಂಧ ಮತ್ತು ಉಲ್ಲೇಖದ ಲೆಕ್ಕ

ಮಕ್ಕಳೇ, ಮಳೆಗಾಲದಲ್ಲಿ ಹಳಿಯಾಳದ ಹೊಲದ ಬದುವಿನಲ್ಲಿ, ಜೋಯಿಡಾದ ಅಂಗಳದಲ್ಲಿ ನೆಲನೆಲ್ಲಿ ಗಿಡ ನೋಡಿದ್ದೀರಲ್ಲವೇ? ಕಾಮಾಲೆಗೆ ಇದನ್ನು ಅರೆದು ಕೊಡುವ ರೂಢಿ ಬಹಳ ಹಳೆಯದು.

ಕಾಮಾಲೆಗೆ ಕಾರಣವಾಗುವ ವೈರಸ್‌ಗಳಲ್ಲಿ ಹೆಪಟೈಟಿಸ್-ಬಿ ಒಂದು. ಅದು ದೇಹದಲ್ಲೇ ಉಳಿದರೆ ಮುಂದೆ ಯಕೃತ್ತಿನ ಕ್ಯಾನ್ಸರ್ ಬರಬಹುದು. ಅದನ್ನು ಪತ್ತೆಹಚ್ಚಿದ ಅಮೆರಿಕದ ಬರೂಕ್ ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. 1988ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರ ಜೊತೆ ಅವರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ನೆಲನೆಲ್ಲಿ ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಔಷಧವಿಲ್ಲದ ಹುಸಿಗುಳಿಗೆ ಪಡೆದ 23 ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ!

ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ತಮ್ಮ ಬರಹದಲ್ಲಿ ಹೆಸರಿಸಿದರೆ ಅದು 'ಉಲ್ಲೇಖ'. ವಿಜ್ಞಾನಿಯ ಕೆಲಸದ ಪ್ರಭಾವವನ್ನು ಇದರಿಂದ ಅಳೆಯುವುದುಂಟು. ನೆಲನೆಲ್ಲಿಯ ಪ್ರಬಂಧಕ್ಕೂ ಬಹಳ ಉಲ್ಲೇಖಗಳು ಬಂದವು. ಆದರೆ ಹಾಗೆ ಹೆಸರಿಸಿದ ಕೆಲವರು, ತಾವೂ ಪರೀಕ್ಷಿಸಿ, ಅಂಥ ಫಲ ಕಾಣಲಿಲ್ಲವೆಂದು ಬರೆದವರು. ಎಣಿಸುವಾಗ ಒಪ್ಪಿದವರದೂ ಒಂದು, ಒಪ್ಪದವರದೂ ಒಂದು! ಇಂಥ ಪ್ರಯೋಗಗಳನ್ನೆಲ್ಲ 2011ರಲ್ಲಿ ಒಟ್ಟಾಗಿ ನೋಡಿದ ಕಾಕ್ರೇನ್ ಪರಿಶೀಲನೆಗೂ ನಂಬುವಷ್ಟು ಆಧಾರ ಸಿಗಲಿಲ್ಲ.

ಬ್ಲಂಬರ್ಗ್ ಮತ್ತು ಮಿಲ್‌ಮನ್ 1969ರಲ್ಲಿ ತೋರಿಸಿದ ಲಸಿಕೆಯ ದಾರಿ ಮಾತ್ರ ಗಟ್ಟಿಯಾಗಿ ನಿಂತಿತು. ಇಂದು ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್-ಬಿ ಲಸಿಕೆ ಹಾಕುತ್ತಾರೆ. ನಿಮ್ಮ ಪುಟ್ಟ ತಂಗಿಯದೋ ತಮ್ಮನದೋ ತಾಯಿ ಕಾರ್ಡಿನಲ್ಲಿ ಹುಡುಕಿ ನೋಡಿ.